ಷಡ್ಡಕನ ಕಣ್ಣು ಬೀಳದಿರಲೆಂದು ಹಾಕಿದ ಬೀಗ

ಹೋದ ವರ್ಷದ ಧನುರ್ಮಾಸದಲ್ಲಿ ನಡೆದದ್ದು. ಹುಣಸೂರಿನಲ್ಲಿ ಸೊಗಡು ಅವರೆಕಾಯಿ ಬಂದು ಬೀದಿಬೀದಿಯೂ ಘಮ್ಮೆನ್ನುತ್ತಿದ್ದ ಕಾಲ. ಆ ಘಮದ ನಡುವೆ ನಾನೊಬ್ಬ ಮಾತ್ರ ಹೊಟ್ಟೆಕಿಚ್ಚಿನಿಂದ ಸುಟ್ಟ ವಾಸನೆ ಹೊಡೆಯುತ್ತಿದ್ದೆ.

ನಾನು ಐವತ್ತು ದಾಟಿದವನು. ಹೆದರಿಕೆ ನನಗೆ ಹುಟ್ಟಿನಿಂದ ಬಂದದ್ದು. ಬಸ್ ಸ್ಟ್ಯಾಂಡಿನವರೆಗೂ ಹೋಗಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮನೆಗೆ ವಾಪಸು ಬಂದು, ಆರಿಸಿದ್ದನ್ನು ಕಣ್ಣಾರೆ ನೋಡಿ ಮತ್ತೆ ಬಸ್ ಸ್ಟ್ಯಾಂಡಿಗೆ ಹೋದ ಮೇಲೆ, ಈಗ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ನಿಂತು ಯೋಚಿಸುವ ಜಾತಿ. ಇಂಥವನ ಕೈಗೆ ನನ್ನ ಹೆಂಡತಿ ಜಯ ಒಂದು ವೆಬ್‌ಸೈಟನ್ನು ಕೊಟ್ಟಿದ್ದಳು.

ಜಯಳದು ಹಿದುಕಿದ ಬೇಳೆಯ ವ್ಯಾಪಾರ. ಹಂಪಾಪುರದ ಕಡೆಯ ರೈತರೊಬ್ಬರು ಅವರೆಕಾಯಿ ತಂದು ಇಳಿಸುತ್ತಾರೆ. ಅಕ್ಕಪಕ್ಕದ ಹೆಂಗಸರು ಬಂದು ನಮ್ಮ ಹಿತ್ತಿಲಲ್ಲಿ ಕೂತು ಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದನ್ನೇ ಬೆರಳಿನಲ್ಲಿ ಹಿಸುಕಿ ಬೇಳೆ ಬಿಡಿಸುತ್ತಾರೆ. ಸಂಜೆಯ ಬಸ್ಸಿಗೆ ಪಾರ್ಸೆಲ್ ಹಾಕಿದರೆ ಮೈಸೂರಿನವರ ಸಾರಿಗೆ ಸರಿಯಾಗಿ ತಲುಪುತ್ತದೆ. ಒಂದು ದಿನ ತಡವಾದರೆ ಬೇಳೆ ಹುಳಿ ವಾಸನೆ ಬರುತ್ತದೆ, ಎಸೆಯಬೇಕು. ಆರ್ಡರ್‌ಗಳೆಲ್ಲ ವೆಬ್‌ಸೈಟಿನಲ್ಲಿ. ಯಾರಿಗೆ ಎಷ್ಟು ಬೇಕು, ವಿಳಾಸ ಏನು, ಫೋನ್ ನಂಬರ್ ಯಾವುದು ಎನ್ನುವುದೆಲ್ಲ ಅದರ ಡ್ಯಾಶ್‌ಬೋರ್ಡಿನಲ್ಲಿ, ಅಂದರೆ ಗಿರಾಕಿಗಳಿಗೆ ಕಾಣದ, ನಾವು ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ ನೋಡುವ ಪುಟದಲ್ಲಿ ಇರುತ್ತದೆ. ಆರ್ಡರ್ ಬಂದಾಗಲೆಲ್ಲ ಮೊದಲು ಫೋನು 'ಟಣ್' ಎನ್ನುತ್ತಿತ್ತು. ಒಂದೊಂದು ಟಣ್ಣಿಗೂ ನನ್ನ ಎದೆ ಝಲ್ಲೆನ್ನುತ್ತಿದ್ದರಿಂದ ಅದನ್ನು ಆರಿಸಿಬಿಟ್ಟಿದ್ದೆ. ಯಾರ್‍ಯಾರೋ ಫೋನ್ ಮಾಡಿ ಮೋಸ ಮಾಡಿಯಾರೆಂದು ಸೈಟಿನಿಂದ ನಮ್ಮ ನಂಬರನ್ನೂ ತೆಗೆದಿದ್ದೆ. ಸೈಟು ಮಾಡಿಕೊಟ್ಟ ಕಂಪ್ಯೂಟರ್ ಅಂಗಡಿಯವರು ಊರು ಬಿಟ್ಟು ಹೋದ ದಿನವೇ, ಅವರು ಎಲ್ಲಿಂದಲೋ ಒಳಗೆ ನುಗ್ಗಬಹುದೆಂದು ಪಾಸ್‌ವರ್ಡ್ ಬದಲಾಯಿಸಿದ್ದೆ. ಒಟ್ಟಿನಲ್ಲಿ ಒಳಗೆ ಹೋಗಲು ಇದ್ದದ್ದು ಒಂದೇ ದಾರಿ, ಅದರ ಕಾವಲುಗಾರ ನಾನು.

ಈಗ ಷಡ್ಡಕನ ವಿಷಯ. ಜಯಳ ತಂಗಿ ರತ್ನಳ ಗಂಡ ಮಹದೇವು ಕೆ.ಆರ್. ನಗರದವನು. ರಾಜಮುಡಿ ಅಕ್ಕಿಯ ಅಂಗಡಿ ಇಟ್ಟಿದ್ದಾನೆ, ಅವನಿಗೂ ಒಂದು ವೆಬ್‌ಸೈಟಿದೆ. ನನಗಿಂತ ಚಿಕ್ಕವನು, ತಲೆಯಲ್ಲಿ ಕೂದಲಿದೆ, ಯಾವುದಕ್ಕೂ ಹೆದರುವುದಿಲ್ಲ. ಇಷ್ಟು ಸಾಲದೆ ನನ್ನನ್ನು 'ಅಣ್ಣ' ಎಂದು ಪ್ರೀತಿಯಿಂದ ಕರೆಯುತ್ತಾನೆ. ದ್ವೇಷಿಸಲು ಒಂದು ಸರಿಯಾದ ಕಾರಣವನ್ನೂ ಕೊಡದ ಮನುಷ್ಯ.

ಆ ದೀಪಾವಳಿಗೆ ಪಿರಿಯಾಪಟ್ಟಣದ ಅತ್ತೆ ಮನೆಯಲ್ಲಿ ಸೇರಿದ್ದೆವು. ಅತ್ತೆಗೆ ಓದು ಬರುವುದಿಲ್ಲ. ಆದರೂ ರತ್ನಳ ಫೋನು ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದರು.

"ನೋಡಿ ಅಳಿಯಂದ್ರೇ, ನಮ್ಮ ಮಾದೇವು ಸೈಟ್‌ನಲ್ಲಿ ಭತ್ತದ ಗದ್ದೆ ಗಾಳಿಗೆ ಅಲ್ಲಾಡ್ತದೆ. ನಿಮ್ಮದ್ರಲ್ಲಿ ಏನಾದ್ರೂ ಅಲ್ಲಾಡ್ತದಾ?"

ನಾನು ಬಾಯಿ ತೆರೆಯುವ ಮೊದಲೇ ಜಯ ಹೇಳಿದಳು: "ನಮ್ಮದ್ರಲ್ಲಿ ಇವರ ಕೈಕಾಲು ಅಲ್ಲಾಡ್ತದೆ ಅಷ್ಟೇ ಕಣವ್ವ, ಹೆದ್ರಿಕೆಗೆ."

ಎಲ್ಲರೂ ನಕ್ಕರು. ಮಹದೇವು ಮಾತ್ರ ನಗದೆ, "ಅಣ್ಣನ ಸೈಟು ಭದ್ರವಾಗದೆ ಬುಡವ್ವ, ಅದೇ ಮುಖ್ಯ" ಎಂದ. ಅವನು ನಕ್ಕಿದ್ದರೇ ಚೆನ್ನಾಗಿತ್ತು. ಆ ದಿನದ ಹೋಳಿಗೆ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಇಳಿಯದಿದ್ದರೂ ಅವನಿಗಿಂತ ಒಂದು ಹೆಚ್ಚೇ ತಿಂದೆ.

ಊರಿಗೆ ಬಂದವನೇ ಸೈಟಿಗೆ ಒಂದು ಕಾವಲು ಪ್ಲಗಿನ್ ಹಾಕಿದೆ. ನಮ್ಮ ಸೈಟಿಗೆ ಯಾರು ಬಂದರು, ಯಾವಾಗ ಬಂದರು, ಯಾವ ಕನೆಕ್ಷನ್ನಿನಿಂದ ಬಂದರು ಎಂದು, ಹಿಂದಿನ ತಿಂಗಳ ಲೆಕ್ಕವನ್ನೂ ಹೆಕ್ಕಿ ತೋರಿಸುವ ಯಂತ್ರ ಅದು. ಹೆಸರು ಬರುವುದಿಲ್ಲ, ಉದ್ದನೆಯ ಒಂದು ನಂಬರ್ ಬರುತ್ತದೆ, ಪಕ್ಕದಲ್ಲಿ ಊರು. ನನ್ನಂಥವನಿಗೆ ಇಂಥದ್ದು ಕೊಡಬಾರದು. ಊಟ ನಿದ್ದೆ ಬಿಟ್ಟು ಅದನ್ನೇ ನೋಡತೊಡಗಿದೆ. ನೋಡುತ್ತ ನೋಡುತ್ತ ಒಂದು ವಿಷಯ ಕಣ್ಣಿಗೆ ಬಿತ್ತು. ಒಂದೇ ನಂಬರಿನಿಂದ ಯಾರೋ ಹೊತ್ತುಗೊತ್ತಿಲ್ಲದೆ ಬರುತ್ತಿದ್ದಾರೆ. ಬೆಳಗ್ಗೆ ಬರುತ್ತಾರೆ, ಮಧ್ಯಾಹ್ನ ಬರುತ್ತಾರೆ, ದೀಪ ಹಚ್ಚುವ ಹೊತ್ತಿಗೂ ಬರುತ್ತಾರೆ. ಎಲ್ಲ ಪುಟಗಳನ್ನೂ ಸುತ್ತುತ್ತಾರೆ. ಒಂದು ಕಾಳೂ ಕೊಳ್ಳುವುದಿಲ್ಲ. ಊರಿನ ಜಾಗದಲ್ಲಿ 'ಮೈಸೂರು' ಎಂದಷ್ಟೇ ಇದೆ. ಕೆ.ಆರ್. ನಗರ ಮೈಸೂರು ಜಿಲ್ಲೆಯಲ್ಲದೆ ಇನ್ನೆಲ್ಲಿದೆ? ಮಹದೇವು! ಅಲ್ಲಿ ಗದ್ದೆ ಅಲ್ಲಾಡಿಸಿಕೊಂಡು, ಇಲ್ಲಿ ನಮ್ಮ ಬೇಳೆಗೆ ಕಣ್ಣು ಹಾಕುತ್ತಿದ್ದಾನೆ.

ದೃಷ್ಟಿಯನ್ನೆಲ್ಲ ನಂಬುವುದಿಲ್ಲ ಎಂದು ನಾನು ನಾಲ್ಕು ಜನರೆದುರು ಹೇಳುತ್ತೇನೆ. ಆದರೆ ಕೊಳ್ಳದೆ ಬರೀ ನೋಡುವವರ ಕಣ್ಣು ಅಂದರೆ ನಮ್ಮ ಕಡೆ ಸುಮ್ಮನೆ ಅಲ್ಲ. ಊಟಕ್ಕೆ ಕೂತವರ ಎಲೆಯನ್ನು ಯಾರಾದರೂ ನಿಂತು ನೋಡಿದರೆ ಅವರಿಗೂ ಒಂದು ತುತ್ತು ಕೊಟ್ಟೇ ತಿನ್ನುವ ಮನೆತನ ನಮ್ಮದು. ಅವರೆ ಕಾಲ ಶುರುವಾಯಿತೆಂದು ಜಯ ಅಮಾವಾಸ್ಯೆಯ ಸಂಜೆ ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಯಲು ಸಿದ್ಧತೆ ಮಾಡುತ್ತಿದ್ದಳು. ಬಾಗಿಲಿಗೇನೋ ಕುಂಬಳಕಾಯಿ ಆಯಿತು, ವೆಬ್‌ಸೈಟಿಗೆ? ನನಗೆ ಆಗ ಹೊಳೆಯಿತು. ಕಾವಲು ಪ್ಲಗಿನ್ನಿನಲ್ಲಿ ಆ ನಂಬರಿನ ಪಕ್ಕ 'ಬ್ಲಾಕ್' ಎಂದಿತ್ತು. ಒತ್ತಿದೆ. ಇಂಗ್ಲಿಷಿನಲ್ಲಿ ಏನೋ ಕೆಂಪಗೆ ಎಚ್ಚರಿಕೆ ಬಂತು. ಔಷಧಿ ಚೀಟಿಯ ಹಿಂದೆ ಇರುವುದನ್ನೂ ಬಿಡದೆ ಓದುವವನು ನಾನು, ಅದೊಂದನ್ನು ಮಾತ್ರ ಓದಲಿಲ್ಲ. ಹೌದು ಎಂದು ಒತ್ತಿದೆ. ಅಷ್ಟರಲ್ಲಿ ಜಯ, "ರೀ, ಬನ್ನಿ, ಕರ್ಪೂರ ಆರೋಗ್ತದೆ" ಎಂದು ಕೂಗಿದಳು. ಕಂಪ್ಯೂಟರ್ ಆರಿಸಿ ಎದ್ದು ಹೋದೆ. ಕುಂಬಳಕಾಯಿ ಒಡೆದಾಗ ನನ್ನ ಮನಸ್ಸಿಗೆ ಆದ ಸಮಾಧಾನ ಜಯಳಿಗೂ ಆಗಿರಲಾರದು.

ಮರುದಿನ ಬೆಳಗ್ಗೆ ಅವರೆಕಾಯಿ ಬಂದು ಇಳಿಯಿತು. ಹೆಂಗಸರು ಹಿತ್ತಿಲಲ್ಲಿ ಕೂತರು. ಅವತ್ತಿನದು ಸಾಮಾನ್ಯ ದಿನವಲ್ಲ. ಮೈಸೂರಿನ ಒಂದು ಮನೆಯವರು ಮಾರನೆಯ ದಿನದ ನಾಮಕರಣದ ಊಟಕ್ಕೆ ದೊಡ್ಡ ಆರ್ಡರ್ ಕೊಟ್ಟಿದ್ದರು. ಜಯ ಇಷ್ಟು ದೊಡ್ಡ ಆರ್ಡರ್ ಒಪ್ಪಿಕೊಂಡಿದ್ದು ಅದೇ ಮೊದಲು. ಎಷ್ಟು ಬೇಕೆಂದು ನಾನು ಹಿಂದಿನ ದಿನ ಅವಳಿಗೆ ಹೇಳಿದ್ದೆನೇ ಹೊರತು ವಿಳಾಸ ತೆಗೆದುಕೊಂಡಿರಲಿಲ್ಲ. ಅದನ್ನು ಬರೆದುಕೊಳ್ಳಲು ಕಂಪ್ಯೂಟರ್ ಹಾಕಿದೆ. ಸೈಟಿನ ಜಾಗದಲ್ಲಿ ಬಿಳಿ ಪುಟ. ನಿಮಗೆ ಇಲ್ಲಿ ಪ್ರವೇಶವಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು.

ಡ್ಯಾಶ್‌ಬೋರ್ಡಿಗೆ ಹೋದೆ, ಅಲ್ಲೂ ಅದೇ. ಕಂಪ್ಯೂಟರ್ ಆರಿಸಿ ಹಾಕಿದೆ, ಅದೇ. ಮನೆಯ ವೈಫೈನಲ್ಲಿ ಫೋನಿನಿಂದ ನೋಡಿದೆ, ಅದೇ. ಸೈಟಿಗೆ ಜಾಗ ಕೊಟ್ಟ ಕಂಪನಿಗೆ ಫೋನ್ ಮಾಡಿದರೆ ಒಂದು ಧ್ವನಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ನನ್ನನ್ನು ಸುತ್ತು ಹಾಕಿಸಿ ಮೊದಲಿಗೇ ತಂದು ಬಿಟ್ಟಿತು.

ಜಯ ಒದ್ದೆ ಕೈಯಲ್ಲೇ ಬಂದು ನಿಂತಳು. "ಏನಾಯ್ತ್ರೀ?"

"ಸೈಟು ನನ್ನನ್ನು ಒಳಗೆ ಬಿಡುತ್ತಿಲ್ಲ."

"ನೀವೇ ಏನಾದ್ರೂ ಮುಟ್ಟಿದ್ರಾ?"

"ನಾನ್ಯಾಕೆ ಮುಟ್ಟಲಿ?"

ಅವಳು ತನ್ನ ಗುಂಡಿ ಫೋನಿನಿಂದ ರತ್ನಳಿಗೆ ಕರೆ ಮಾಡಿದಳು. ಆ ಕಡೆಯಿಂದ ರತ್ನ ಹೇಳಿದ್ದು ನನಗೂ ಕೇಳಿಸಿತು: "ನಂಗೆ ಚೆನ್ನಾಗೇ ತೆಗೀತಾ ಅದಲ್ಲಕ್ಕ. ಇದುಕಿದ ಬೇಳೆ ಫೋಟೋ, ರೇಟು, ಎಲ್ಲಾ ಕಾಣ್ತದೆ."

ನನ್ನ ತಲೆಯೊಳಗೆ ಏನೋ ಕಟಕ್ಕೆಂದಿತು. ನನಗೆ ತೆಗೆಯುತ್ತಿಲ್ಲ, ಅವರಿಗೆ ತೆಗೆಯುತ್ತಿದೆ. ಕಣ್ಣು ಹಾಕಿದ್ದು ಸಾಲದೆಂದು ಕೈಯನ್ನೂ ಹಾಕಿದ್ದಾನೆ! ಫೋನ್ ಕಿತ್ತುಕೊಂಡು ಮಹದೇವುಗೆ ಕೊಡಲು ಹೇಳಿದೆ.

"ನಮ್ಮ ಸೈಟು ನಿಮಗೆ ಹೇಗಪ್ಪ ತೆಗೆಯುತ್ತೆ?"

"ಎಲ್ರಿಗೂ ತೆಗೆದಂಗೇ ತೆಗೀತದಣ್ಣ" ಎಂದ ಅವನು. "ಗಾಬ್ರಿ ಆಗ್ಬೇಡಿ. ಪಾಸ್‌ವರ್ಡ್ ಹೇಳಿ, ಇಲ್ಲಿಂದ್ಲೇ ಒಳಿಕ್ಕೋಗಿ ಅಡ್ರೆಸ್ ಹೇಳ್ಬುಡ್ತೀನಿ."

ಪಾಸ್‌ವರ್ಡ್! ಬಾಯಿಬಿಟ್ಟು ಕೇಳಿಯೇಬಿಟ್ಟ. ನಾನು ಜಯಳ ಕಡೆ ಗೆದ್ದವನ ಹಾಗೆ ನೋಡಿದೆ. ಅವಳು ಸೋತವಳ ಹಾಗೆ ನೋಡಲಿಲ್ಲ.

"ಹೇಳಿ ಅತ್ಲಾಗೆ, ಮನೆ ಮಗ ಅವನು."

"ಹೇಳುವುದಿಲ್ಲ. ನಾನೇ ಹೋಗುತ್ತೇನೆ."

"ಪಾಸ್‌ವರ್ಡ್ ಹೇಳಕ್ಕೆ ಕೆ.ಆರ್. ನಗರಕ್ಕೆ ಓಗ್ತೀರಾ?" ಎಂದು ಹಿತ್ತಿಲಿನಿಂದ ಯಾರೋ ಹೆಂಗಸು ಕೇಳಿದರು, ಮಿಕ್ಕವರು ನಕ್ಕರು. ಜಯ ನಗಲಿಲ್ಲ. "ಹೋಗಿ. ಆದ್ರೆ ಸಂಜೆ ಬಸ್ಸಿಗೆ ಪಾರ್ಸೆಲ್ ಹೋಗ್ಲೇಬೇಕು. ಆ ಮಗೀನ ಮನೆಯವ್ರ ಊಟಕ್ಕೆ ನಾನು ಮಾತು ಕೊಟ್ಟಿವ್ನಿ. ಅದು ತಪ್ಪಿದ್ರೆ ಮುಂದ್ಕೆ ಈ ವ್ಯಾಪಾರಾನೇ ಬೇಡ ನಂಗೆ" ಎಂದು ಮತ್ತೆ ಕಾಳಿನ ಮುಂದೆ ಕೂತಳು. ಅವಳ ಬೆರಳುಗಳು ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು. ಅದನ್ನು ನೋಡಿ ಮಾತ್ರ ನನಗೆ ನಿಜವಾಗಿ ಭಯವಾಯಿತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಆಗಬಹುದಾದದ್ದನ್ನೆಲ್ಲ ಯೋಚಿಸಿದೆ. ಅವರೆಬೇಳೆ ಇದ್ದ ಜಾಗದಲ್ಲಿ ರಾಜಮುಡಿ ಅಕ್ಕಿ ಬಂದಿರುತ್ತದೆ. ನಮ್ಮ ಗಿರಾಕಿಗಳೆಲ್ಲ ಅವನ ಕಡೆ ಹೋಗಿರುತ್ತಾರೆ. ಅತ್ತೆಯವರು, ಹೋಗಲಿ ಬಿಡಿ ಅಳಿಯಂದ್ರೇ, ಎಲ್ಲಾ ಮನೇಲೇ ಅದೆಯಲ್ಲ ಎನ್ನುತ್ತಾರೆ. ಕೈಯಲ್ಲಿ ಫೋನಿತ್ತು. ಅದರಲ್ಲೇ ಒಮ್ಮೆ ಸೈಟು ತೆಗೆದು ನೋಡಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ಮನೆಯ ವೈಫೈ ಬಿಟ್ಟರೆ ಹೊರಗೆ ಇಂಟರ್ನೆಟ್ ಹಾಕುವವನಲ್ಲ ನಾನು. ಬಯಲಿನಲ್ಲಿ ಪಾಸ್‌ವರ್ಡ್ ಗಾಳಿಗೆ ಹಾರಿಹೋಗುತ್ತದೆಂಬ ಭಯ.

ಅಂಗಡಿಯಲ್ಲಿ ಮಹದೇವು ನನಗಾಗಿ ಕಂಪ್ಯೂಟರ್ ಹಾಕಿ, ತನ್ನ ಕುರ್ಚಿ ಒರೆಸಿ ಇಟ್ಟಿದ್ದ. "ಕೂತ್ಕಳಣ್ಣ. ಮೊದ್ಲು ನೀರು ಕುಡೀರಿ."

ನೀರು ಬೇಡವೆಂದೆ. ಪರದೆಯ ಮೇಲೆ ನಮ್ಮ ಸೈಟು ತೆರೆದುಕೊಂಡಿತ್ತು. ಅಕ್ಕಿ ಎಲ್ಲೂ ಇರಲಿಲ್ಲ. ಅವನ ದೊಡ್ಡ ಪರದೆಯಲ್ಲಿ ನಮ್ಮ ಬೇಳೆ ನಮ್ಮ ಮನೆಯಲ್ಲಿ ಕಾಣುವುದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು, ಅದಕ್ಕೂ ಹೊಟ್ಟೆ ಉರಿಯಿತು. ಡ್ಯಾಶ್‌ಬೋರ್ಡಿನ ಬಾಗಿಲು ತೆಗೆದೆ, ಪಾಸ್‌ವರ್ಡ್ ಕೇಳಿತು. ನಾನು ಹೆಗಲ ಮೇಲಿದ್ದ ಟವೆಲ್ಲನ್ನು ಕೀಬೋರ್ಡಿನ ಮೇಲೆ ಹೊದಿಸಿ ಅದರಡಿಯಲ್ಲಿ ಬೆರಳಾಡಿಸತೊಡಗಿದೆ. ಮಹದೇವು ಎದ್ದು, ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ ನಿಂತ. ಟವೆಲ್ಲಿನಡಿ ಅಕ್ಷರ ಕಾಣದೆ ಮೊದಲ ಸಲ ತಪ್ಪಾಯಿತು.

"ಆಯ್ತಾ ಅಣ್ಣ? ತಿರೀಕಳ್ಳಾ?"

"ಇನ್ನೂ ಇಲ್ಲ."

"ನಿಧಾನಕ್ಕೆ ಮಾಡಿ. ಕ್ಯಾಲೆಂಡರ್‌ನಲ್ಲಿ ಇನ್ನೂ ಬೇಜಾನ್ ತಿಂಗಳವೆ."

ಎರಡನೆಯ ಸಲ ಒಳಗೆ ಹೋದೆ. ಎಲ್ಲ ಇದ್ದ ಹಾಗೇ ಇತ್ತು. ನಾಮಕರಣದ ಮನೆಯ ವಿಳಾಸ, ಫೋನ್ ನಂಬರ್, ಮಿಕ್ಕ ಆರ್ಡರ್‌ಗಳು. ರತ್ನ ಜಯಳಿಗೆ ಫೋನ್ ಮಾಡಿ ಒಂದೊಂದನ್ನೇ ಗಟ್ಟಿಯಾಗಿ ಓದಿ ಹೇಳಿದಳು, ಜಯ ಆ ಕಡೆಯಲ್ಲಿ ಬರೆದುಕೊಂಡಳು. ಪಾರ್ಸೆಲ್ ಉಳಿಯಿತು. ಏಳಲು ಹೋದರೆ ಮಹದೇವು ಬಿಡಲಿಲ್ಲ.

"ಇಲ್ಲಿ ತೆಗೆದದ್ದು ನಿಮ್ಮನೇಲಿ ಯಾಕೆ ತೆಗೀನಿಲ್ಲ ಅಂತ ನೋಡ್ಬೇಕಲ್ಲಣ್ಣ."

"ಅದೆಲ್ಲ ಬೇಡ ಬಿಡಪ್ಪ."

"ಬೇಡ ಅಂದ್ರೆ ನಾಳಿಕ್ಕೂ ಬಸ್ ಅತ್ತಿ ಬತ್ತೀರಾ?" ಎನ್ನುತ್ತ ಕಾವಲು ಪ್ಲಗಿನ್ ತೆಗೆದೇಬಿಟ್ಟ. ಬ್ಲಾಕ್ ಆದವರ ಜಾಗದಲ್ಲಿ ಒಂದೇ ಒಂದು ನಂಬರ್, ಅದರಡಿ ಅದು ಬಂದುಹೋದ ದಿನ, ಹೊತ್ತುಗಳ ಪಟ್ಟಿ. "ಇದ್ಯಾರ್ದು?"

"ಯಾರೋ ಕಳ್ಳ" ಎಂದೆ.

ಕಾಫಿ ಹಿಡಿದುಕೊಂಡು ಬಂದ ರತ್ನ ಬಗ್ಗಿ ನೋಡಿದಳು. "ಇವನೆಂಥಾ ಕಳ್ಳ ಭಾವ? ಎದ್ದ ತಕ್ಷಣ ಬಂದವ್ನೆ, ತಿಂಡಿ ಆದ್ಮೇಲೆ ಬಂದವ್ನೆ, ಊಟ ಆದ್ಮೇಲೆ ಬಂದವ್ನೆ. ಒಂದು ಅವರೆಕಾಳೂ ಕದ್ದಿಲ್ಲ. ದೀಪಾವಳೀಲಿ ಒಂದೆರಡು ದಿನ ಬಂದೇ ಇಲ್ಲ ನೋಡಿ, ಅವ್ನೂ ಹಬ್ಬಕ್ಕೆ ಹೋಗಿದ್ದ ಅಂತ ಕಾಣ್ತದೆ."

ಕಾಫಿ ಲೋಟ ನನ್ನ ಕೈಯಲ್ಲೇ ನಿಂತಿತು. ದೀಪಾವಳಿಯಲ್ಲಿ ಪಿರಿಯಾಪಟ್ಟಣಕ್ಕೆ ಹೋಗಿದ್ದವನು ನಾನು. ಎದ್ದ ತಕ್ಷಣ ನೋಡುವವನು, ತಿಂಡಿ ಆದ ಮೇಲೆ ನೋಡುವವನು, ಏನೂ ಕೊಳ್ಳದೆ ಎಲ್ಲ ಪುಟ ಸುತ್ತಿ, ಎಲ್ಲವೂ ಇದ್ದ ಹಾಗೇ ಇದೆಯೇ ಎಂದು ಪರೀಕ್ಷೆ ಮಾಡುವವನು, ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ.

ಮಹದೇವು ಅಷ್ಟರಲ್ಲಿ ಆ ಬ್ಲಾಕ್ ತೆಗೆದು, ಸ್ಪೀಕರ್ ಹಾಕಿ ಜಯಳಿಗೆ ಹೇಳಿದ: "ಅಕ್ಕ, ಕಂಪ್ಯೂಟರ್ ಹಾಕಿ ಈಗ ನೋಡಿ."

ಆ ಕಡೆಯಿಂದ ಜಯಳ ಧ್ವನಿ: "ಬಂತು ಕಣಪ್ಪ! ಏನು ಮಾಡ್ದೆ?"

"ನಾನೇನೂ ಮಾಡ್ನಿಲ್ಲ. ಅಣ್ಣ ನಿಮ್ಮನೆ ಕನೆಕ್ಷನ್ನೇ ಕಳ್ಳ ಅಂತ ಬೀಗ ಜಡಿದಿದ್ರು. ಅದ್ನ ತೆಗೆದೆ" ಎಂದು ಅವನು ನನ್ನ ಕಡೆ ತಿರುಗಿದ. "ಅಲ್ಲಣ್ಣ, ಯಾರು ಅಂದ್ಕಂಡು ಜಡಿದ್ರಿ?"

ನಾನು ಕಾಫಿಯನ್ನು ಊದಿದೆ. ಅದು ಆಗಲೇ ಆರಿತ್ತು. ರತ್ನ ನನ್ನ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು. "ನಿಮ್ಮನ್ನೇ ಕಣ್ರೀ! ಇನ್ಯಾರ್ನ? ನಿಮ್ಮ ಕಣ್ಣು ಬೀಳ್ತದೆ ಅಂತ!"

"ದೃಷ್ಟಿಗಾ?" ಸ್ಪೀಕರಿನಿಂದ ಜಯ. "ಥೂ ನಿಮ್ಮ, ನಾನು ಒಡೆದ ಕುಂಬಳಕಾಯಿ ಸಾಲ್ದೇ ಹೋಯ್ತಾ?" ಅವಳ ಹಿಂದೆ ಹಿತ್ತಿಲಿನ ಹೆಂಗಸರ ನಗು ಫೋನಿನೊಳಗಿಂದ ಅಂಗಡಿಯ ತುಂಬ ಬಂತು.

ಮಹದೇವು ಕೋಪಿಸಿಕೊಂಡಿದ್ದರೆ ನನಗೂ ಒಂದು ದಾರಿಯಿತ್ತು. ನಾನೂ ಎರಡು ಮಾತಾಡಿ ಎದ್ದು ಬರುತ್ತಿದ್ದೆ. ಅವನು ನನಗೆ ಅವಮಾನವಾಯಿತೆಂದು ಪಾಪ ಪೇಚಾಡಿಕೊಂಡ. ಸಮಾಧಾನ ಮಾಡಲೆಂದು ನನ್ನ ಕೈ ಹಿಡಿದುಕೊಂಡು ಹೇಳಿದ: "ಅಯ್ಯೋ, ಅಂಗೆಲ್ಲಾ ಅಂದ್ಕಬ್ಯಾಡಿ ಅಣ್ಣ. ನಿಮ್ಮಾಣೆಗೂ ನಾನು ನಿಮ್ಮ ಸೈಟು ನೋಡಿದ್ದೇ ಇವತ್ತು. ಅದ್ಕೂ ಮುಂಚೆ ಒಂದು ದಿನಾನೂ ನೋಡ್ದೋನಲ್ಲ."

ಅವನ ಮುಖ ನೋಡಿದೆ. ಸತ್ಯವನ್ನೇ ಹೇಳುತ್ತಿದ್ದ. ನಾನು ಇವನ ಸೈಟನ್ನು ದಿನಾ ನೋಡುತ್ತೇನೆ. ಗದ್ದೆ ಎಷ್ಟು ಹೊತ್ತು ಅಲ್ಲಾಡುತ್ತದೆಂದೂ ಗೊತ್ತು. ಇವನು ನಮ್ಮದನ್ನು ಒಂದು ದಿನವಾದರೂ, ಬೇಜಾರಿಗಾದರೂ, ನೋಡಬಾರದಿತ್ತೇ?

ಆ ಸಂಜೆಯ ಬಸ್ಸಿಗೆ ಪಾರ್ಸೆಲ್ ಹೋಯಿತು. ಮಾರನೆಯ ದಿನ ನಾಮಕರಣದ ಮನೆಯವರು ಪಾರ್ಸೆಲ್ ಮೇಲೆ ಜಯ ಬರೆದಿದ್ದ ನಂಬರಿಗೆ ಫೋನ್ ಮಾಡಿ, ಸಾರು ಬಹಳ ಚೆನ್ನಾಗಿತ್ತೆಂದು ಜಯಳಿಗೆ ಹೇಳಿದರಂತೆ. ಜಯ ಆ ಸಂತೋಷದಲ್ಲಿ ನನ್ನನ್ನು ಬೈಯುವುದನ್ನೂ ಬಿಟ್ಟಳು. ಫೋನಿನ 'ಟಣ್' ಶಬ್ದವನ್ನು ಮತ್ತೆ ಹಾಕಿಸಿದಳು, ಸೈಟಿನಲ್ಲಿ ನಂಬರನ್ನೂ ಹಾಕಿಸಿದಳು, ಪಾಸ್‌ವರ್ಡನ್ನು ರತ್ನಳಿಗೂ ಹೇಳಿಟ್ಟಳು. ಮನೆಯ ಇಂಟರ್ನೆಟ್ಟಿನಲ್ಲಿ ತೆಗೆಯದಿದ್ದರೆ ಬೇರೆಯವರ ಇಂಟರ್ನೆಟ್ಟಿನಲ್ಲಿ ಒಮ್ಮೆ ನೋಡಬೇಕು ಎನ್ನುವುದು ನಾನು ಕಲಿತ ಪಾಠ. ಕೇಳಿದವರಿಗೆಲ್ಲ ಅದನ್ನೇ ಹೇಳುತ್ತೇನೆ. ಅದು ಹೇಳಿಕೊಳ್ಳಬಹುದಾದ ಪಾಠ.

ಹೇಳಿಕೊಳ್ಳಲಾಗದ್ದು ಒಂದಿದೆ. ಅವನು ನೋಡುತ್ತಿದ್ದಾನೆ ಎಂದುಕೊಂಡಿದ್ದಾಗ ಇದ್ದ ಸಂಕಟಕ್ಕಿಂತ, ನೋಡಿಯೇ ಇಲ್ಲ ಎಂದು ಗೊತ್ತಾದ ಮೇಲಿನ ಸಂಕಟ ದೊಡ್ಡದು, ಇನ್ನೂ ಹೋಗಿಲ್ಲ. ಈ ವರ್ಷ ಅವರೆ ಶುರುವಾದಾಗ ಸೈಟಿಗೆ ಹೊಸ ಫೋಟೋಗಳನ್ನು ಹಾಕಿದೆ, ಬಣ್ಣ ಬದಲಾಯಿಸಿದೆ. ಆಮೇಲೆ ತಡೆಯಲಾರದೆ ಮಹದೇವುಗೆ ಫೋನ್ ಮಾಡಿದೆ.

"ಸೈಟು ಯಾಕೋ ಸರಿಯಾಗಿ ತೆಗೆಯುತ್ತಿಲ್ಲ. ಸ್ವಲ್ಪ ನೋಡ್ತೀಯಾ?"

"ತೆಗೀತಾ ಅದಲ್ಲಣ್ಣ."

"ಎಲ್ಲ ಪುಟಾನೂ ತೆಗೆಯುತ್ತಾ? ಆತುರ ಏನಿಲ್ಲ, ನಿಧಾನಕ್ಕೆ ನೋಡು. ಫೋಟೋಗಳನ್ನೂ ನೋಡು."

"ಎಲ್ಲಾ ತೆಗೀತದಣ್ಣ."

"ಹೇಗಿದೆ?"

"ಏನಣ್ಣ?"

"ಸೈಟು."

"ಊಂ ಅಣ್ಣ, ತೆಗೀತದೆ" ಎಂದ ಅವನು. "ಅಂಗಡಿಗೆ ಗಿರಾಕಿ ಬಂದವ್ರೆ, ಇಡ್ಲಾ?"